ಸೆರಗು ಸುತ್ತಿ ತೆರೆದ ಬಾಗಿಲು

1991ರಲ್ಲಿ ನಾನು ಶಾಲೆ ಬಿಟ್ಟೆ, ಏಳನೆಯ ಇಯತ್ತೆಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಸೊಲ್ಲಾಪುರದಲ್ಲಿ ಮಗ್ಗದ ಮೋಟಾರು ಕಟ್ಟುವ ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಮೋಟಾರಿನ ಕೆಲಸ ಕಡಿಮೆ ಇದ್ದಾಗ ಅವರು ನನ್ನನ್ನು ಕರೆದುಕೊಂಡು ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಗೆ ಮನೆ ವೈರಿಂಗಿಗೆ ಹೋಗುತ್ತಿದ್ದರು. ಆಮೇಲೆ ನಾನು ಸ್ವಂತ ಅಂಗಡಿ ಹಾಕಿದೆ. ನಾನು ಎಳೆದ ವೈರು ಸುಟ್ಟಿತು ಎಂದು ಇವತ್ತಿನವರೆಗೆ ಒಬ್ಬರೂ ಅಂಗಡಿ ಮೆಟ್ಟಿಲು ಹತ್ತಿಲ್ಲ. ಸಿಟ್ಟು ನನಗೆ ಬೇಗ ಬರುತ್ತದೆ. "ಎಷ್ಟು ಓದೀರಿ?" ಎಂದು ಕೇಳಿದರೆ ಇನ್ನೂ ಬೇಗ.

ಟಾವೆಲ್ ವ್ಯಾಪಾರದ ಒಬ್ಬ ಸಾವಕಾರರು ಹಳೆಯ ಮಿನಿಬಸ್ಸೊಂದನ್ನು ಕೊಂಡು ಅದನ್ನು ಮನೆಯನ್ನಾಗಿ ಮಾಡಿಸಿದರು. ಸೀಟು ಕಿತ್ತು ನಾಲ್ಕು ಮಲಗುವ ಹಲಗೆ, ಒಂದು ಫ್ರಿಜ್, ಒಂದು ಎ.ಸಿ., ಕರೆಂಟಿನ ಒಲೆ. ದೇವರಿಗೆ ಹೋದಲ್ಲಿ ಖೋಲಿ ಹುಡುಕುವ ತ್ರಾಸು ಬೇಡವೆಂದು. ದೀಪ, ಸಣ್ಣ ಫ್ಯಾನು ಬ್ಯಾಟರಿಯ ಮೇಲೆ ನಡೆಯುತ್ತವೆ. ಎ.ಸಿ., ಫ್ರಿಜ್, ಒಲೆಗೆ ಮಾತ್ರ ಗಾಡಿ ನಿಂತಲ್ಲಿ ಯಾರದಾದರೂ ಮನೆಯ ಕರೆಂಟು ಬೇಕು. ಆ ಜೋಡಣೆಯ ಕೆಲಸ ನನಗೆ ಬಂತು.

ದಪ್ಪ ಕೇಬಲ್ ತಂದೆ, ಮೂರು ಕಡ್ಡಿಯ ದೊಡ್ಡ ಪ್ಲಗ್ ಹಾಕಿದೆ, ಗಾಡಿಯ ತಗಡಿನ ಮೈಯನ್ನು ಅರ್ಥಿಂಗ್ ತಂತಿಗೆ ಬಿಗಿದೆ. ಗಾಡಿ ಒಪ್ಪಿಸುವಾಗ ಮನೆಮಂದಿಯನ್ನೆಲ್ಲ ನಿಲ್ಲಿಸಿ ಹೇಳಿದೆ: ಎ.ಸಿ. ನಡೆದಾಗ ಒಲೆ ಹಚ್ಚಬೇಡಿ. ಕೇಬಲ್ ಸುರುಳಿ ಪೂರ್ತಿ ಬಿಚ್ಚಿ ನೆಲದ ಮೇಲೆ ಬಿಡಿ, ಸುತ್ತಿಟ್ಟರೆ ಕಾಯುತ್ತದೆ. ಯಾವ ಮನೆಗೆ ಹಚ್ಚುತ್ತೀರೋ ಅದರ ಅರ್ಥಿಂಗ್ ಮೊದಲು ನನಗೆ ತೋರಿಸಿ.

ಸಾವಕಾರರ ಅಳಿಯ ಪುಣೆಯಲ್ಲಿ ಇಂಜಿನಿಯರು. ನಕ್ಕ.

"ಅರೇ ಮಿಸ್ತ್ರಿ, ಗಾಡಿ ರಬ್ಬರ್ ಟಾಯರ್ ಮ್ಯಾಲ ನಿಂತೈತಿ. ಶಾಕ್ ಹೆಂಗ ಹೊಡೀತೈತಿ?"

"ಗಾಡಿ ಟಾಯರ್ ಮ್ಯಾಲ ನಿಂತೈತ್ರಿ ಸಾಹೇಬ್ರ. ಮನಷ್ಯಾ ನೆಲದ ಮ್ಯಾಲ ನಿಂತಿರ್ತಾನ."

ಎಲ್ಲರೂ ಹೂಂ ಹೂಂ ಅಂದರು. ಒಬ್ಬರ ತಲೆಗೂ ಹೋಗಿರಲಿಲ್ಲ.

ಶ್ರಾವಣದಲ್ಲಿ ಸಾವಕಾರರ ಫೋನು ಬಂತು. ವಾಗದರಿಯ ಅವರ ಹಳೆಯ ಮನೆಯಲ್ಲಿ ಪ್ಲಗ್ ಬೋರ್ಡು ಸುಟ್ಟಿತ್ತು. ಆ ಮನೆಯಲ್ಲಿ ಅವರ ತಾಯಿ ಇರುತ್ತಾರೆ, ಹೊಲ ನೋಡಿಕೊಳ್ಳುತ್ತಾರೆ. ಪೂಜೆಗೆಂದು ಎಲ್ಲರೂ ಹೋಗಿ ವಾರವಾಗಿತ್ತು. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಎ.ಸಿ. ಖೋಲಿಯಂತೆ ಬಳಸುತ್ತಿದ್ದರು. ನನಗೆ ಒಂದು ಮಾತು ಹೇಳದೆ ಹಚ್ಚಿದ್ದರು. ಮೋಟಾರ್ ಸೈಕಲ್ ಮೇಲೆ ಹೋಗುವಾಗ ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ.

ಕೇಬಲ್ ಸುರುಳಿ ಸುತ್ತಿದ್ದು ಸುತ್ತಿದಂತೆಯೇ ಮೊಳೆಗೆ ನೇತಾಡುತ್ತಿತ್ತು. ಕರೆಂಟು ಹೋಗಿ ಇಷ್ಟು ಹೊತ್ತಾದರೂ ಒಳಸುತ್ತು ಇನ್ನೂ ಬೆಚ್ಚಗಿತ್ತು.

"ಅಂಗಳದಾಗ ಕಾಲಿಗೆ ತೊಡಕತಾವಂತ ಮ್ಯಾಲ ಹಾಕೀವಿ," ಎಂದರು ಸಾವಕಾರರು.

ಸುಟ್ಟ ಬೋರ್ಡು ಬದಲಿಸಿ ಪ್ಲಗ್ ಹಾಕಿ ಕರೆಂಟು ಕೊಟ್ಟೆ, ಮನೆಯ ಅರ್ಥಿಂಗ್ ಆಮೇಲೆ ನೋಡೋಣವೆಂದು. ಕೇಬಲ್ ಬಿಚ್ಚಿ ನೆಲಕ್ಕೆ ಹರವುತ್ತಿದ್ದಾಗ ಸಾವಕಾರರ ತಾಯಿ ಹಾಲಿನ ಗಿಂಡಿ ಹಿಡಿದು ಗಾಡಿಯ ಕಡೆ ಬಂದರು. ಈಗ ಹಾಲು ಗಾಡಿಯ ಫ್ರಿಜ್ಜಿನಲ್ಲೇ ಇರುತ್ತಿತ್ತು. ಬರಿಗಾಲು. ಶ್ರಾವಣ ಮುಗಿಯುವ ತನಕ ಅವರು ಚಪ್ಪಲಿ ಮೆಟ್ಟುವುದಿಲ್ಲ, ಅದು ಅವರ ನೇಮ. ಅಂಗಳಕ್ಕೆ ಆಗಷ್ಟೇ ಸಗಣಿನೀರು ಹೊಡೆದು ನೆಲ ಹಸಿಯಾಗಿತ್ತು. ಬಾಗಿಲ ಮುಂದೆ ನಿಂತು ಸೆರಗಿನ ಚುಂಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಆಮೇಲೆ ಹಿಡಿಕೆ ಹಿಡಿದು ಎಳೆದರು.

"ಆಯಿ, ಕೈಗೆ ಸೆರಗ್ಯಾಕ ಸುತ್ತೀರಿ?"

"ಬರಿಗೈಲೆ ಮುಟ್ಟಿದ್ರ ಮೊಣಕೈ ತನಕ ಜುಮ್ಮ್ ಅಂತೈತಿ ತಮ್ಮಾ. ಸಕ್ರಿ ಬ್ಯಾನಿ ಐತೆಲ್ಲ, ಅದಕ್ಕಂತ. ಅಳಿಯ ಹೇಳ್ಯಾನ."

"ಎಂದಿನಿಂದ?"

"ಗಾಡಿ ಬಂದಾಗಿಂದ."

ಕಿಸೆಯ ಟೆಸ್ಟರನ್ನು ಹಿಡಿಕೆಗೆ ಮುಟ್ಟಿಸಿದೆ, ಉರಿಯಿತು. ಪ್ಲಗ್ಗನ್ನು ಎಳೆದು ಬಿಸಾಕಿದೆ. ಕೂಗಿದ್ದು ನೆನಪಿದೆ, ಏನು ಕೂಗಿದೆನೋ ನೆನಪಿಲ್ಲ. ಒಳಗಿನಿಂದ ಎಲ್ಲರೂ ಬಂದರು, ಅಳಿಯನೂ ಬಂದ, ಕಾಲಲ್ಲಿ ದಪ್ಪ ಬೂಟು.

"ಒಂದು ವಾರದಿಂದ ನಾವೂ ಹತ್ತಿ ಇಳದೀವಿ. ನಮಗ್ಯಾರಿಗೂ ಏನೂ ಆಗಿಲ್ಲ. ಟೆಸ್ಟರ್ ಸುಮ್ನ ಉರೀತೈತಿ ಮಿಸ್ತ್ರಿ, ಅದಕ್ಕೊಂದು ಕಾರಣ ಇರ್ತೈತಿ. ನೀವು ಎಷ್ಟು ಓದೀರಿ?"

"ಏಳನೇತ್ತೆ. ಬೂಟ ಬಿಚ್ಚ್ರಿ."

"ಏನು?"

"ಬೂಟ ಬಿಚ್ಚಿ, ಹಸಿ ನೆಲದ ಮ್ಯಾಲ ನಿಂತು, ಹಿಡಿಕಿ ಹಿಡೀರಿ. ಆಯಿ ದಿನಾ ಹಿಡೀತಾರ. ನಿಮಗ ಸಕ್ರಿ ಬ್ಯಾನಿ ಇಲ್ಲೆಲ್ಲ?"

ಅವನು ಬಿಚ್ಚಲಿಲ್ಲ. ಅವನನ್ನು ಮುಟ್ಟಿಸುವ ಮನಸ್ಸು ನನಗೂ ಇರಲಿಲ್ಲ. ಒಂದು ಕಬ್ಬಿಣದ ಸರಳನ್ನು ಹಸಿ ನೆಲಕ್ಕೆ ಹೊಡೆದೆ. ಸಣ್ಣ ಬಲ್ಬಿನ ಒಂದು ತಂತಿಯನ್ನು ಸರಳಿಗೆ, ಇನ್ನೊಂದನ್ನು ಬಾಗಿಲ ಹಿಡಿಕೆಗೆ ಕಟ್ಟಿ, ಎಲ್ಲರನ್ನೂ ದೂರ ಸರಿಸಿ ಪ್ಲಗ್ ಹಾಕಿದೆ. ಬಲ್ಬು ಬೀಡಿಯ ತುದಿಯಷ್ಟು ಕೆಂಪಗೆ ಹತ್ತಿತು. ಸಾವಕಾರರು ತಾಯಿಯ ಕಾಲುಗಳನ್ನೇ ನೋಡುತ್ತ ನಿಂತರು.

ಕರೆಂಟು ಎಲ್ಲಿಂದ ಬರುತ್ತಿತ್ತು? ಗಾಡಿಯೊಳಗಿನದನ್ನೆಲ್ಲ ಆರಿಸಿದೆ. ಬಲ್ಬು ಹಾಗೇ ಇತ್ತು. ಮನೆಯ ಬಚ್ಚಲಿನ ನೀರು ಕಾಯಿಸುವ ಗೀಜರ್ ಆರಿಸಿದೆ. ಬಲ್ಬು ಆರಿತು. ಗೀಜರಿನ ಒಳಗಿನ ಕಡ್ಡಿ ಒಡೆದು ಅದರ ಮೈಗೆ ಕರೆಂಟು ಇಳಿಯುತ್ತಿತ್ತು. ಮನೆಯ ಅರ್ಥಿಂಗ್ ಸರಿಯಿದ್ದರೆ ಅದು ಭೂಮಿಗೆ ಹೋಗಬೇಕಿತ್ತು. ಹೋಗಲು ದಾರಿ ಇಲ್ಲದೆ, ಅದೇ ಅರ್ಥಿಂಗ್ ತಂತಿ ಹಿಡಿದು ನನ್ನ ಪ್ಲಗ್ಗಿನ ಮೂರನೆಯ ಕಡ್ಡಿಯ ಮೂಲಕ ಗಾಡಿಯ ಮೈಗೆ ಬಂದು, ಬರಿಗಾಲಿನವರಿಗಾಗಿ ಕಾಯುತ್ತಿತ್ತು. ನಾನು ರಕ್ಷಣೆಗೆಂದು ಹಾಕಿದ ತಂತಿಯೇ ಅದನ್ನು ಹೊತ್ತು ತಂದಿತ್ತು.

ಮನೆಯ ಅರ್ಥಿಂಗ್ ತಂತಿಯ ಬೆನ್ನು ಹತ್ತಿದೆ. ಅದು ಹಿತ್ತಲ ಗೋಡೆಯಲ್ಲಿ ಹಳೆಯ ಕಬ್ಬಿಣದ ನಳದ ಪೈಪಿಗೆ ಕಟ್ಟಿತ್ತು. ಹಿಂದೆ ನಮ್ಮಲ್ಲಿ ಹಾಗೇ ಮಾಡುತ್ತಿದ್ದರು. ಪೈಪು ಹೇಗೂ ನೆಲದಲ್ಲಿದೆ, ಬೇರೆ ಗುಂಡಿ ಯಾಕೆ ತೋಡಬೇಕು ಎಂದು. ಈ ಮನೆಗೆ ಆಮೇಲೆ ಪ್ಲಾಸ್ಟಿಕ್ ಪೈಪು ಹಾಕಿದ್ದರು. ಕಬ್ಬಿಣದ ತುಂಡೊಂದು ಮಾತ್ರ ಗೋಡೆಯಲ್ಲಿ ಉಳಿದಿತ್ತು, ಗೇಣುದ್ದ. ತಂತಿ ಅದಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ನಿಂತಿತ್ತು.

"ಯಾವ ಹೆಡ್ಡ ಕಟ್ಟ್ಯಾನ ಇದನ್ನ? ಅವನ ಕೈ ಮುರೀಬೇಕು!" ಎಂದು ಕೂಗಿದೆ. ಅಳಿಯನಿಗೂ ಅಷ್ಟೇ ಬೇಕಿತ್ತು. "ಹೌದ್ನೋಡ್ರಿ, ಹಳ್ಳಿ ಮಿಸ್ತ್ರಿಗೋಳು, ಸಾಲಿ ಕಲಿಯೂದಿಲ್ಲ, ಏನಿಲ್ಲ," ಎಂದ.

ತಂತಿ ಬಿಚ್ಚಲು ಮೇಲಿನ ಸುಣ್ಣ ಕೆರೆದೆ. ಮೂರು ಸುತ್ತು, ತುದಿಯನ್ನು ಹಿಂದಕ್ಕೆ ಮಡಚಿ ಒಳಗೆ ತುರುಕಿದ್ದು. ಉಸ್ತಾದರು ಎರಡೇ ಸುತ್ತು ಹಾಕುತ್ತಿದ್ದರು. ಮೂರು ಹಾಕಿ ತುದಿ ಮಡಚುವವನು ನಾನೊಬ್ಬನೇ. ಅವರಿಗಿಂತ ಗಟ್ಟಿ ಕಟ್ಟುತ್ತೇನೆಂದು ಆಗ ಜಂಬ ಪಡುತ್ತಿದ್ದೆ.

ಮನೆಯ ಮುಂಭಾಗ ಈಗ ಕಲ್ಲು, ಟೈಲ್ಸು ಆಗಿದೆ. ಆಗ ಮಣ್ಣಿನ ಗೋಡೆ ಇತ್ತು. ಗುರುತು ಸಿಕ್ಕಿರಲಿಲ್ಲ.

ಸುಮ್ಮನಿರಬಹುದಿತ್ತು. ಅಲ್ಲಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಕ್ಕಳ ಕೆಳಗಿಟ್ಟೆ. ಸಾವಕಾರರು "ಏನಾತು ಮಿಸ್ತ್ರಿ?" ಎಂದರು.

"ಇದನ್ನ ಕಟ್ಟಿದಾಂವ ನಾನಽ ರೀ."

ಅಳಿಯ ಬಾಯಿ ತೆರೆದ. ಅವನ ಅತ್ತೆಯ ಅತ್ತೆ, ಆ ಆಯಿ, ಗಿಂಡಿ ಹಿಡಿದೇ ನಿಂತಿದ್ದರು.

"ಹೌದಲ್ಲೋ! ಆಗ ನಿನಗ ಮೀಸಿ ಬಂದಿದ್ದಿಲ್ಲ. ನಾಕು ಭಕ್ಕರಿ ತಿಂದು ಮತ್ತ ಬೇಡಿದ್ದಿ," ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, "ನೀ ಸುಮ್ನಿರಪಾ. ಅಂವಾ ತನ್ನ ತಪ್ಪು ಹೇಳ್ಯಾನ. ನೀ ನನ್ನ ಕೈಯಾಗಿನ ಕರೆಂಟಿಗೆ ಸಕ್ರಿ ಬ್ಯಾನಿ ಅಂದಿ."

ಆ ಮಾತಿನಿಂದ ನನ್ನ ಸಿಟ್ಟು ಇಳಿಯಲಿಲ್ಲ. ಅಳಿಯನ ಮೇಲಿದ್ದದ್ದು ಇದ್ದೇ ಇತ್ತು, ಈಗ ನನ್ನ ಮೇಲೂ ಬಂತು. ಗೀಜರ್ ಕಿತ್ತಿಟ್ಟೆ. ಹಿತ್ತಲಲ್ಲಿ ನಾನೇ ಗುದ್ದಲಿ ಹಿಡಿದು ತಲೆ ಮುಳುಗುವಷ್ಟು ಗುಂಡಿ ತೋಡಿದೆ, ಯಾರಿಗೂ ಕೈ ಹಚ್ಚಗೊಡಲಿಲ್ಲ. ಪೈಪು ನಿಲ್ಲಿಸಿ, ಮನೆಯ ಅರ್ಥಿಂಗ್ ತಂತಿಯನ್ನು ಅದಕ್ಕೆ ಬಿಗಿದು, ಸುತ್ತ ಉಪ್ಪು, ಇದ್ದಿಲು ತುಂಬಿದೆ. ನೀರು ಮಾತ್ರ ಅಳಿಯ ತಂದು ಸುರಿದ, ಬೂಟು ಹಾಕಿಕೊಂಡೇ. ಕರೆಂಟಿನ ತಂತಿಗೂ ಹೊಸ ಪೈಪಿಗೂ ಬಲ್ಬು ಕಟ್ಟಿದೆ, ಝಗ್ಗನೆ ಹತ್ತಿತು; ಗಾಡಿಯ ಹಿಡಿಕೆಗೂ ಸರಳಿಗೂ ಮತ್ತೆ ಕಟ್ಟಿ ನೋಡಿದೆ, ಹತ್ತಲಿಲ್ಲ. ಆಮೇಲೆ ನನ್ನ ಚಪ್ಪಲಿ ಬಿಟ್ಟು ಹಸಿ ನೆಲದಲ್ಲಿ ನಿಂತು ಹಿಡಿಕೆ ಹಿಡಿದೆ. ಆಯಿಯೂ ಹಿಡಿದರು, ಬರಿಗೈಯಲ್ಲಿ.

"ಏನೂ ಇಲ್ಲ," ಎಂದು ಹಾಲಿನ ಗಿಂಡಿ ಹಿಡಿದು ಗಾಡಿಯೊಳಗೆ ಹೋದರು.

ಸೊಲ್ಲಾಪುರಕ್ಕೆ ಬಂದವನೇ ಉಸ್ತಾದರ ಜೊತೆ ಪೈಪಿಗೆ ತಂತಿ ಕಟ್ಟಿದ ಮನೆಗಳನ್ನು ಊರೂರು ನೆನೆಸಿಕೊಂಡು ಬರೆದೆ. ಉಸ್ತಾದರು ಈಗಿಲ್ಲ, ಕೇಳುವುದಕ್ಕೂ ಬೈಯುವುದಕ್ಕೂ. ರವಿವಾರ ಅಂಗಡಿ ಮುಚ್ಚಿ ಆ ಮನೆಗಳಿಗೆ ಹೋಗುತ್ತೇನೆ. ಕೆಲವರು ಬಾಗಿಲಲ್ಲೇ "ನಮ್ಮದೇನೂ ಕೆಟ್ಟಿಲ್ಲ, ಹೋಗ್ರಿ" ಎನ್ನುತ್ತಾರೆ. ನಾನು ಹೋಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಒಂದು ಮೋಟಾರ್ ಸೈಕಲ್, ಎರಡು ಟೆಸ್ಟರ್, ಒಂದು ಗುದ್ದಲಿ. ಪಟ್ಟಿಯಲ್ಲಿ ಮೂವತ್ತೊಂದು ಮನೆ. ಹತ್ತೊಂಬತ್ತು ಮುಗಿದಿವೆ. ಹನ್ನೆರಡು ಉಳಿದಿವೆ.