ಚೌಕದೊಳಗಿನ ಪಾರಸಿ ಅಕ್ಷರಗಳು

ರಾಣೆಬೆನ್ನೂರಿನ ನನ್ನ ಅಂಗಡಿಯಲ್ಲಿ ಬೀಜದ ಪಾಕೀಟು, ಮದುವೆ ಕಾರ್ಡು, ಫ್ಲೆಕ್ಸು ಎಲ್ಲವನ್ನೂ ನಾನೇ ವಿನ್ಯಾಸ ಮಾಡುತ್ತಿದ್ದೆ. ಯಾವ ಅಕ್ಷರವಾದರೂ ನನ್ನ ಮಾತು ಕೇಳುತ್ತದೆ ಎಂಬ ಸೊಕ್ಕಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊರದೇಶಕ್ಕೆ ಕಳಿಸುವ ಡಬ್ಬಿಯ ಮೇಲೆ ಪಾರಸಿ ಬರಹ ಬೇಕೆಂದಾಗ ಸೊಕ್ಕು ಇಳಿಯಿತು. ನನ್ನ ಹಳೆಯ ಸಾಫ್ಟ್‌ವೇರಿನಲ್ಲಿ ಅಕ್ಷರಗಳು ಕೈಬಿಡಿಸಿಕೊಂಡು ದೂರ ದೂರ ನಿಂತವು, ಅದೂ ತಿರುವುಮುರುವಾಗಿ. ಪಾರಸಿ ಓದಲು ಬಾರದ ನಾನು ಅದನ್ನೇ ಅಚ್ಚು ತೆಗೆದು ಒಯ್ದೆ. ವ್ಯಾಪಾರಿ ತಲೆ ಚಚ್ಚಿಕೊಂಡು ತಮ್ಮ ಓಣಿಯ ಮುದುಕರೊಬ್ಬರ ಮನೆ ತೋರಿಸಿದರು.

ಸುತ್ತಲಿನ ಊರುಗಳ ಪಾರಸಿ ಲಿಪಿಯ ಉರ್ದು ಲಗ್ನಪತ್ರಿಕೆ, ದರ್ಗಾದ ಫಲಕ, ಗೋರಿಯ ಕಲ್ಲು ಎಲ್ಲಕ್ಕೂ ಒಂದು ಕಾಲದಲ್ಲಿ ಅವರೇ ಬರೆದುಕೊಡುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಕೇಳುವವರಿರಲಿಲ್ಲ. ನನ್ನ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, “ಇದನ್ನ ಯಾರು ಕೊಚ್ಚ್ಯಾರ?” ಎಂದರು.

ಆಮೇಲೆ ಜೊಂಡಿನ ಕಲಮು ಕೆತ್ತಿ, ಮಸಿಯಲ್ಲಿ ಅದ್ದಿ ಡಬ್ಬಿಯ ಬರಹವನ್ನು ತಾವೇ ಬರೆದರು. ಹಗ್ಗಕ್ಕೆ ಹಾಕಿದ ಒದ್ದೆ ಸೀರೆಯ ಹಾಗೆ ಅಕ್ಷರಗಳು ಬಲಮೂಲೆಯಿಂದ ಎಡಕ್ಕೆ ಇಳಿಬಿದ್ದವು. ಜಮೀನು, ದವಾಖಾನೆ, ದರ್ಜಿ ಎಂದು ದಿನವೂ ಪಾರಸಿ ಮಾತಾಡುವ ನಾವು ಅದರ ಬರಹದ ಚೆಂದವನ್ನು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅವರ ಕೈ ಆಗಲೇ ನಡುಗುತ್ತಿತ್ತು. ಆ ಕೈ ಬರೆಯುವುದನ್ನು ನಿಲ್ಲಿಸುವುದರೊಳಗೆ ಆ ಬರಹವನ್ನು ಫಾಂಟ್ ಮಾಡಿ ಉಳಿಸಬೇಕೆಂದು ನಿಶ್ಚಯಿಸಿದೆ. ಪ್ರತಿ ಭಾನುವಾರ ಬಸ್ಸು ಹಿಡಿದು ಬ್ಯಾಡಗಿಗೆ ಹೋಗುತ್ತಿದ್ದೆ. ಸಾಲುಸಾಲಾಗಿ ಚೌಕ ಹಾಕಿದ ಹಾಳೆಗಳನ್ನು ಅವರ ಮುಂದಿಡುತ್ತಿದ್ದೆ. ಒಂದು ಚೌಕಕ್ಕೆ ಒಂದೇ ಅಕ್ಷರ. ಕನ್ನಡ ಫಾಂಟಿನ ಕೆಲಸ ಕಂಡವಳಿಗೆ ಬೇರೆ ದಾರಿ ಹೊಳೆಯಲೇ ಇಲ್ಲ.

“ಒಂದೊಂದ ಬರಿ ಅಂದ್ರ ಹೆಂಗ ಬರೀಲಿ ಬೇಟಿ?” ಎಂದು ಅವರು ತಕರಾರು ತೆಗೆದರು. “ಮುಂದ ಯಾವ ಅಕ್ಷರ ಬರತೈತಿ ಅಂತ ಗೊತ್ತಾದ್ರ ಇದರ ಕುತ್ತಿಗಿ ಎಷ್ಟ ಬಗ್ಗಬೇಕು ಅನ್ನೋದು ಗೊತ್ತಾಗತೈತಿ.”

“ನೀವು ಬರೀರಿ ಚಾಚಾ, ಕಂಪ್ಯೂಟರ್ ಕೂಡಸ್ತೈತಿ.”

“ಭಾಳ ಶಾಣ್ಯಾ ಐತಿ ಬಿಡು ನಿನ್ನ ಕಂಪ್ಯೂಟರ್” ಎಂದು ನಕ್ಕು ಬರೆದರು. ಕಲಮು ಕೆತ್ತಿದಾಗಲೆಲ್ಲ ಮೊದಲು ಹಾಳೆಯ ಮೂಲೆಯಲ್ಲಿ, ಚೌಕಗಳ ಹೊರಗೆ, ಏನೋ ಒಂದು ಗೀಚಿ ಮಸಿ ಹೇಗೆ ಇಳಿಯುತ್ತದೆಂದು ನೋಡುತ್ತಿದ್ದರು. ಹಾಳೆ ಹೊಲಸಾಗುತ್ತದಲ್ಲ ಎಂದು ನನಗೆ ಕಿರಿಕಿರಿ. ಅಂಗಡಿಗೆ ಬಂದು ಸ್ಕ್ಯಾನ್ ಮಾಡುವಾಗ ಪರದೆಯ ಮೇಲೆ ಆ ಅಂಚನ್ನೆಲ್ಲ ಕತ್ತರಿಸಿ ಚೌಕಗಳನ್ನಷ್ಟೇ ಇಟ್ಟುಕೊಳ್ಳುತ್ತಿದ್ದೆ. ಒಂದು ಬದಿ ಖಾಲಿ ಇರುವ ಹಾಳೆ ಬಿಸಾಡುವುದು ನಮ್ಮ ಧಂದೆಯಲ್ಲಿ ಪಾಪ. ಸ್ಕ್ಯಾನ್ ಮುಗಿದ ಆ ಹಾಳೆಗಳನ್ನೇ ಪ್ರಿಂಟರಿಗೆ ಹಾಕಿ ಬೀಜದ ಲೇಬಲ್ಲುಗಳ ಮಾದರಿ ತೆಗೆದು, ನೋಡಿ, ರದ್ದಿಗೆ ಎಸೆಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾನು ಅಕ್ಷರಗಳನ್ನು ಜೋಡಿಸಲು ಕುಳಿತದ್ದು ಆಮೇಲೆ. ಒಂದರ ಬಾಲ ಇನ್ನೊಂದರ ತಲೆಗೆ ಮುಟ್ಟಲೊಲ್ಲದು. ಎಳೆದರೆ ಮುರಿಯಿತು, ಬಗ್ಗಿಸಿದರೆ ಅವರ ಕೈ ಹೋಗಿ ನನ್ನ ಕೈ ಬಂತು. ನೂರಾರು ಅಕ್ಷರಗಳಿದ್ದವು, ಒಂದು ಶಬ್ದ ಇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವರು ಮೊದಲ ದಿನವೇ ಹೇಳಿದ್ದರು, ನಾನು ಕೇಳಲಿಲ್ಲ. ಆ ದುಃಖಕ್ಕೆ ಇವತ್ತಿಗೂ ಮದ್ದು ಸಿಕ್ಕಿಲ್ಲ.

ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಹಾವೇರಿಯ ಶಾಲೆಯೊಂದರಲ್ಲಿ ಕಲಿಸುವ ಅವರ ಮಗಳು ಒಂದು ಮಧ್ಯಾಹ್ನ ಅಂಗಡಿಗೆ ಬಂದರು.

“ಊರ ಮಂದಿ ಗೋರಿಗೆಲ್ಲ ಅಪ್ಪಾರ ಬರದ್ರು. ಅವರ ಕಲ್ಲಿನ ಮ್ಯಾಲೆ ಹೆಸರು ಅವರ ಕೈಲೆ ಬರದದ್ದ ಇರ್ಲಿ ಅಂತ ನಮ್ಮಾಸೆ.”

“ಮನ್ಯಾಗ ಅವರ ಹೆಸರು ಬರದದ್ದು ಒಂದೂ ಇಲ್ಲೇನ್ರಿ?”

“ಎಲ್ಲಿಂದ ಬರಬೇಕ್ರಿ? ತಮ್ಮ ಹೆಸರು ಬರೀತಿದ್ದದ್ದು ಕಲಮು ಕೆತ್ತಿದಾಗಷ್ಟ. ಮಸಿ ನೋಡಾಕ, ಹಾಳಿ ಮೂಲ್ಯಾಗ. ನಿಮ್ಮ ಹಾಳಿ ಮ್ಯಾಲೆಲ್ಲ ಇರತೈತಲ್ರಿ, ಅದರಾಗ ಚಲೋದೊಂದು ಕೊಡ್ರಿ.”

ಹುಡುಕುತ್ತೇನೆ ಎಂದು ಕಳಿಸಿ, ಸ್ಕ್ಯಾನುಗಳನ್ನು ಒಂದೊಂದಾಗಿ ತೆರೆದೆ. ಎಲ್ಲದರ ಅಂಚನ್ನೂ ನೀಟಾಗಿ ಕತ್ತರಿಸಿದ್ದೆ. ಒಂದರಲ್ಲಿ ಮಾತ್ರ ಮೂಲೆಗೆ ಒಂದು ಚುಕ್ಕೆ, ಯಾವುದೋ ಅಕ್ಷರದ ಬಾಲ ಉಳಿದಿತ್ತು. ರದ್ದಿಯವನಲ್ಲಿಗೆ ಓಡಿದೆ. ಆ ಸರಕು ಹೋಗಿ ಎಷ್ಟೋ ದಿನವಾಗಿದೆ ಎಂದ.

ಕೊನೆಗೆ ಹೊಸ ಸಾಫ್ಟ್‌ವೇರಿನಲ್ಲಿ ಎಲ್ಲರಿಗೂ ಸಿಗುವ ಒಂದು ಸಿದ್ಧ ಫಾಂಟಿನಲ್ಲಿ ಹೆಸರು ಹಾಕಿಕೊಟ್ಟೆ. ಅದರಲ್ಲಿ ಅಕ್ಷರಗಳು ಸರಿಯಾಗಿ ಕೂಡಿಕೊಂಡವು. ಕಲ್ಲು ನಿಲ್ಲಿಸಿದ ದಿನ ಮಗಳು ಹೆಸರಿನ ಮೇಲೆ ಬೆರಳಾಡಿಸಿದರು.

“ಹಾಳಿ ಏನಾದ್ವು ಅಂದ್ರಿ?”

“ಮಳಿಯಾಗ ತೋಯ್ದು ಹೋದ್ವು” ಎಂದೆ.

“ಇರ್ಲಿ ಬಿಡ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ” ಎಂದು ಅವರು ನನ್ನ ಕೈ ಹಿಡಿದರು. “ಅಪ್ಪಾರ ಅಕ್ಷರಾನ ನಿಮ್ಮಷ್ಟು ಜ್ವಾಕಿ ಮಾಡಿದವ್ರು ಯಾರೂ ಇಲ್ಲ.”