ಹಂಸದ ಕಾಲು ಹಿಡಿದು ಓದಿದ್ದು

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಹನೂರಿನಲ್ಲಿ ಮಕ್ಕಳಿಗೆ ಓದು ಕಲಿಸಿದ ನಾನು, ಇವತ್ತಿಗೂ ಕೈಯಲ್ಲೊಂದು ರಟ್ಟಿನ ಪಟ್ಟಿ ಇಲ್ಲದೆ ಪತ್ರಿಕೆ ಓದಲಾರೆ. ಮೈತುಂಬ ತೂತುಗಳಿರುವ ಹಳೆಯ ಪಟ್ಟಿ; ನಡುವೆ ಸಾಲಿನಷ್ಟು ಅಗಲದ ಒಂದು ಕಿಂಡಿ. ಪುಟದ ಮೇಲಿಟ್ಟರೆ ಕಿಂಡಿಯಲ್ಲಿ ಒಂದೇ ಸಾಲು ಕಾಣುತ್ತದೆ, ಉಳಿದವು ತೆಪ್ಪಗಿರುತ್ತವೆ. ಮೊಮ್ಮಗಳು ಅದನ್ನು ಕಸವೆಂದು ಎರಡು ಸಲ ಎಸೆದು, ಎರಡು ಸಲವೂ ಬೈಸಿಕೊಂಡಿದ್ದಾಳೆ. ಅದು ಹಂಸದ ಕಾಲು ಎಂದರೆ ನಂಬುವುದಿಲ್ಲ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಅಕ್ಷರಕ್ಕಿಂತ ಮೊದಲು ನಾನು ಕಂಡದ್ದು ಅಪ್ಪನ ಲಾಳಿ. ಅದು ನೂಲು ಹೊತ್ತು ಎಡದಿಂದ ಬಲಕ್ಕೆ ಓಡುತ್ತದೆ, ಬಲ ಮುಟ್ಟಿದ ಮೇಲೆ ಅಲ್ಲಿಂದಲೇ ನೇಯುತ್ತ ಎಡಕ್ಕೆ ಬರುತ್ತದೆ. ಬರಿಗೈಯಲ್ಲಿ ವಾಪಸು ಬರುವ ಸೋಮಾರಿತನ ಅದಕ್ಕಿಲ್ಲ. ಓದೂ ಹೀಗೇ ಇರಬೇಕೆಂದು ನಾನು ತಿಳಿದೆ. ಮೊದಲ ಸಾಲು ಎಡದಿಂದ, ಎರಡನೆಯದು ಬಲದಿಂದ. ಪಾಠದ ಎರಡನೆಯ ಸಾಲಿನಲ್ಲಿ ರಂಗ ಎಂಬ ಹುಡುಗ ಹಲ್ಲುಜ್ಜಿ, ಉಂಡು, ಶಾಲೆಗೆ ಹೋಗುತ್ತಿದ್ದ. ನನ್ನ ಓದಿನಲ್ಲಿ ಅವನು ಮೊದಲು ಶಾಲೆಗೆ ಹೋಗಿ, ಆಮೇಲೆ ಉಂಡು, ಕೊನೆಗೆ ಹಲ್ಲುಜ್ಜುತ್ತಿದ್ದ. ನಮ್ಮ ಬೀದಿಯಲ್ಲಿ ಅಂಥವರು ಇದ್ದರು, ಹಾಗಾಗಿ ನನಗೇನೂ ವಿಚಿತ್ರವೆನಿಸಲಿಲ್ಲ.

ಬಹಳ ಹಿಂದೆ ಗ್ರೀಕರು ಹೀಗೇ ಬರೆಯುತ್ತಿದ್ದರಂತೆ, ಒಂದು ಸಾಲು ಅತ್ತ, ಒಂದು ಸಾಲು ಇತ್ತ. ದೊಡ್ಡವಳಾದ ಮೇಲೆ ಇದನ್ನು ತಿಳಿದು ನನಗೆ ವಿಪರೀತ ಹೆಮ್ಮೆಯಾಯಿತು. ನಾನು ದಡ್ಡಿಯಲ್ಲ, ಎರಡೂವರೆ ಸಾವಿರ ವರ್ಷ ತಡವಾಗಿ, ಅದೂ ಕೊಳ್ಳೇಗಾಲದಲ್ಲಿ ಹುಟ್ಟಿದ್ದೆ, ಅಷ್ಟೇ.

ಬೇರೆ ನೇಕಾರರ ಮಕ್ಕಳಿಗೂ ಈ ತಪ್ಪು ಆಗುತ್ತಿತ್ತು, ತಿದ್ದಿದರೆ ಸರಿಹೋಗುತ್ತಿತ್ತು. ನನಗೆ ಮೂರನೆಯ ತರಗತಿಯಾದರೂ ಹೋಗಲಿಲ್ಲ. ಸಾಲುಗಳು ಒಂದರ ಮೇಲೊಂದು ಜಾರುತ್ತಿದ್ದವು. ಪಕ್ಕದ ಮನೆಯಲ್ಲಿ ಮಗ್ಗ ಸದ್ದು ಮಾಡಿದರೆ ಕಣ್ಣು ಪುಸ್ತಕದಲ್ಲಿ, ಮನಸ್ಸು ಮಗ್ಗದಡಿಯ ಗುಣಿಯಲ್ಲಿ. ಇದಕ್ಕೆಲ್ಲ ಈಗ ಡಾಕ್ಟರುಗಳ ಹತ್ತಿರ ಉದ್ದುದ್ದ ಹೆಸರುಗಳಿವೆ. ಅರವತ್ತರ ದಶಕದ ನಮ್ಮ ತರಗತಿಯಲ್ಲಿ ಇದ್ದದ್ದು ಒಂದೇ ಹೆಸರು, ದಡ್ಡಿ.

ಅಪ್ಪ ಒಂದು ದಿನ ಖಡಾಖಂಡಿತವಾಗಿ ಹೇಳಿದ. "ಈ ಸಲ ಇನ್ಸ್‌ಪೆಕ್ಟ್ರು ಮುಂದೆ ಓದ್ನಿಲ್ಲ ಅಂದ್ರೆ ಇಸ್ಕೂಲು ಸಾಕು ಕಣವ್ವ. ರಾಟೆ ಮುಂದೆ ಕೂತ್ಕಂಡು ಕಂಡಿಕೆ ಸುತ್ತು."

ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದರಲ್ಲೂ ನಾನು ಅಷ್ಟಕ್ಕಷ್ಟೇ. ಆದರೂ ಅವತ್ತು ನಾನು ನಿಜವಾಗಿ ಹೆದರಿದೆ. ಶಾಲೆ ಎಂದರೆ ನನಗೆ ಪ್ರಾಣ. ಶಾಲೆಗೆ ನನ್ನ ಮೇಲೆ ಅಂಥ ಮಮತೆ ಇರಲಿಲ್ಲ.

ನಮ್ಮ ಮೇಷ್ಟ್ರು ಯಳಂದೂರಿನ ಹತ್ತಿರದ ಹೊನ್ನೂರಿನವರು, ಬೇಸಾಯದ ಮನೆಯವರು. ನನ್ನ ಓದನ್ನು ಒಂದು ವಾರ ಕೋಲು ಮುಟ್ಟದೆ ಕೇಳಿದರು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ತಾವೇ ಕಟ್ಟಿದ ಕತೆಯೊಂದನ್ನು ಬರೆದು, ತರಗತಿಯ ಮಾನಿಟರ್ ಮಾದೇಶನಿಗೆ ಓದಲು ಹೇಳಿದರು. ನನ್ನನ್ನು ಕಂಡರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

"ಶಾಗ್ಯದ ರೈತ ಎತ್ತು ಕಟ್ಟಿ," ಎಂದು ಮಾದೇಶ ಗತ್ತಿನಿಂದ ಶುರು ಮಾಡಿದ. ಎರಡನೆಯ ಸಾಲಿಗೆ ಬಂದ. "ಉಂಡನು ಮುದ್ದೆ ಸೇರಿ ಮನೆ ಉತ್ತು ಹೊಲ." ರೈತ ಮುದ್ದೆ ಉಂಡು ಮನೆಯನ್ನೇ ಉತ್ತಿದ್ದ. ತರಗತಿ ಗೊಳ್ಳೆಂದಿತು. ಇನ್ನೂ ನಾಲ್ಕು ಮಂದಿ ಎದ್ದು ನಿಂತು ಬೆವರಿದರು. ನನ್ನ ಸರದಿ ಬಂದಾಗ ನಾನು ಲಾಳಿಯ ಹಾಗೆ ಅತ್ತ ಹೋಗಿ ಇತ್ತ ಬಂದೆ. ರೈತ ಹೊಲ ಉತ್ತು, ಮನೆ ಸೇರಿ, ಮುದ್ದೆ ಉಂಡ.

"ನೇಗ್ಲು ಇಂಗೇ ಅಲ್ವೇನ್ರೋ ತಿರ್ಗಾದು?" ಎಂದರು ಮೇಷ್ಟ್ರು. "ನಿಮ್ಗೆ ಇವತ್ತೊಂದಿನ ಇಂಗಾಯ್ತು. ಅವ್ಳಿಗೆ ದಿನಾ ಇಂಗೇ."

ಯಾರೂ ನಗಲಿಲ್ಲ. ಬಿಡುವಿನಲ್ಲಿ ಮಾದೇಶ ಹತ್ತಿರ ಬಂದು, "ದಿನಾ ಇಂಗಾದ್ರೆ ತಲೆ ನೋಯಲ್ವೇನಮ್ಮಿ?" ಎಂದು ಕೇಳಿದ. ನನಗೆ ಅಳು ಬಂತು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಆ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಓದುವಾಗ ಸಾಲು ಮುಗಿದ ಕಡೆ ನೂಲು ಕಡಿದು, ಮತ್ತೆ ಎಡದಿಂದ ಶುರು ಮಾಡಬೇಕೆಂದು ನನಗೆ ವಿವರಿಸಿದರು. ಅಪ್ಪ ಗಾಬರಿಯಾದ. "ಸಾಲ್ಸಾಲಿಗೂ ನೂಲು ಕಡುದ್ರೆ ಸೀರೆ ಎಂಗೆ ಸಾ ಆಯ್ತದೆ?"

"ಸೀರೆ ಆಗಾದು ಬ್ಯಾಡ ಯಜಮಾನ್ರೇ, ಪಾಸಾದ್ರೆ ಸಾಕು. ಒಂದು ರಟ್ಟು ಕೊಡಿ, ಕಿಂಡಿ ಕುಯ್ಯವ."

ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಸರವೇ ಇರುತ್ತದೆ. ಒಂದೊಂದು ರಟ್ಟು ಸೀರೆಯ ಅಂಚಿನ ಚಿತ್ರದ ಒಂದೊಂದು ಗೆರೆ. ಅಪ್ಪ ಗೋಡೆಯ ಮೇಲೆ ತೂಗಿಬಿಟ್ಟಿದ್ದ ಸರವೊಂದರಿಂದ ಒಂದು ಪಟ್ಟಿ ಬಿಚ್ಚಿ ಕೊಟ್ಟ.

ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ನಾನು ಪುಟದ ಮೇಲೆ ರಟ್ಟು ಇಟ್ಟು ಸಾಲು ತಪ್ಪದೆ ಓದಿದೆ. ಅವರು ಹುಬ್ಬು ಗಂಟಿಕ್ಕಿ, "ಏನಮ್ಮ ಇದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾದೇಶ ಎದ್ದು ನಿಂತ. "ಅವ್ಳ ಸಾಲ್ಗಳು ಓಡೋಯ್ತವೆ ಸಾ, ಅದ್ಕೆ ಕಟ್ಟಾಕವ್ಳೆ."

ಇನ್ಸ್‌ಪೆಕ್ಟರು ರಟ್ಟನ್ನು ತಮ್ಮ ಫೈಲಿನ ಮೇಲಿಟ್ಟು ಒಂದು ಸಾಲು ಓದಿದರು. ಕೆಳಕ್ಕೆ ಜಾರಿಸಿ ಇನ್ನೊಂದು ಸಾಲು ಓದಿದರು. ನನ್ನ ಹೆಸರಿನ ಮುಂದೆ ಪಾಸು ಎಂದು ಬರೆದು, ಯಾರ ಮುಖವನ್ನೂ ನೋಡದೆ ರಟ್ಟನ್ನು ಕೋಟಿನ ಜೇಬಿಗೆ ಸೇರಿಸಿದರು.

ಪಾಸಾದೆನೆಂದು ಅಪ್ಪನಿಗೆ ಹೇಳಿ, ರಟ್ಟು ಹೋಯಿತೆಂದು ಅಳುತ್ತ ನಿಂತೆ. ಗೋಡೆಯ ಸರ ನಾನು ತಿಳಿದಿದ್ದಂತೆ ಬೇಡವಾದ ಹಳೆಯದಲ್ಲ, ಅಪ್ಪನಿಗೆ ಬಹಳ ಹೆಸರು ತಂದಿದ್ದ ಹಂಸದ ಅಂಚಿನದು ಎಂದು ನನಗೆ ತಿಳಿದದ್ದು ಆಗ. ಅವನು ಅದರಿಂದ ಇನ್ನೊಂದು ರಟ್ಟು ಬಿಚ್ಚಿದ.

"ಅಳ್ಬ್ಯಾಡ ಕೂಸೇ. ಹಂಸದ ಕುತ್ಗೆ ಆಗ್ಲೇ ಓಗ್ಯದೆ. ಇನ್ನು ಕಾಲಿದ್ದು ಅದು ಎಲ್ಗೆ ನಡಿಬೇಕು?"