ತಳ ಹಿಡಿದ ತಪ್ಪಲೆ

ನೇಮಕ್ಕನ ಮುಂದೆ "ಅಯ್ಯೋ ಪಾಪ" ಎಂದವರು ಗಂಜಿಯ ತಪ್ಪಲೆ ತೊಳೆಯಬೇಕಿತ್ತು. "ನಿಮಗೆ ಪುಣ್ಯ ಬರುತ್ತೆ" ಎಂದವರೂ ತೊಳೆಯಬೇಕಿತ್ತು. "ಎಲ್ಲಾ ಹಣೆಬರಹ" ಎಂದು ನಿಟ್ಟುಸಿರು ಬಿಟ್ಟವರಿಗೆ ತಪ್ಪಲೆಯ ಜೊತೆ ಸೌಟೂ ಸೇರುತ್ತಿತ್ತು. ಆ ತಪ್ಪಲೆಯಾದರೋ ಹದಿನೈದು ಜನಕ್ಕೆ ಗಂಜಿ ಬೇಯುವಷ್ಟು ದೊಡ್ಡದು. ಮಾತಿನ ಭರದಲ್ಲಿ ಯಾರೂ ಕೈಯಾಡಿಸದೆ ಪ್ರತಿ ಮಂಗಳವಾರವೂ ತಳ ಹಿಡಿಯುತ್ತಿತ್ತು. ಬೂದಿ, ತೆಂಗಿನ ನಾರು ಹಿಡಿದು ಬಾವಿಕಟ್ಟೆಯಲ್ಲಿ ಕೂತರೆ ಮೊಣಕೈವರೆಗೆ ಕಪ್ಪಾಗದೆ ಏಳುವಂತಿರಲಿಲ್ಲ. ನೇಮಕ್ಕನ ಮಂಗಳವಾರದ ಕೂಟ ಸೇರಿದ ಮೊದಲ ದಿನವೇ ಆ ಶಿಕ್ಷೆ ಅನುಭವಿಸಿದವನು ನಾನು.

ನೇಮಕ್ಕ ಮಲಯಾಳ ಸೀಮೆಯ ಗಡಿಯಲ್ಲಿರುವ ನಮ್ಮ ಚೇಕಾಡಿಯ ಜೈನ ಒಕ್ಕಲು ಮನೆತನದವರು. ಕುಳ್ಳು ದೇಹ, ಎತ್ತಿ ಕಟ್ಟಿದ ಸೀರೆ, ಎರಡು ಗದ್ದೆಯಾಚೆಗೂ ಕೇಳುವ ಗಂಟಲು. ಗಂಡ ಶಾಂತಯ್ಯ ಗೌಡರು ಬದುವಿನ ಮೇಲೆ ನಿಂತು ಆಳುಗಳನ್ನು ಬೈಯುತ್ತಿದ್ದಾಗಲೇ ಲಕ್ವ ಹೊಡೆದು ಬಿದ್ದವರು. ಬಲಭಾಗ ಹೋಯಿತು, ಮಾತೂ ಹೋಯಿತು. "ಬೈಗುಳ ಇನ್ನೂ ಅರ್ಧ ಬಾಯಲ್ಲೇ ಅದೆ ಮಾಷೆ. ಅದಕ್ಕೇ ಗಂಜಿಗೆ ಜಾಗ ಇಲ್ಲ," ಎಂದು ನೇಮಕ್ಕ ನನಗೆ ಹೇಳುತ್ತಿದ್ದರು. ಮಾಷ್ ಎಂದರೆ ನಮ್ಮ ಕಡೆ ಮೇಷ್ಟರು. ಗೌಡರು ಹೆಂಡತಿ ಬಾಯಿಗಿಟ್ಟ ಗಂಜಿಯನ್ನೆಲ್ಲ ಅವಳ ಮುಖಕ್ಕೇ ಉಗಿಯುತ್ತಿದ್ದರು.

ಅವು ನಕ್ಸಲರ ಹೆಸರು ಕೇಳಿದರೆ ಊರು ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷಗಳು. ಉತ್ತವನಿಗೇ ಭೂಮಿ ಎಂಬ ಕೂಗು ಎಲ್ಲ ಗದ್ದೆಗಳಲ್ಲೂ ಎದ್ದಿತ್ತು. ಹಳೆಯ ಕೂಲಿಗೆ ಇನ್ನು ನಾಟಿಗೆ ಬರುವುದಿಲ್ಲವೆಂದು ಹೇಳಿಹೋಗಲು ಬೊಳ್ಳಿ ಎಂಬ ಆಳು ಹೆಂಗಸು ಒಂದು ಬೆಳಿಗ್ಗೆ ಗೌಡರ ಮನೆಗೆ ಬಂದಳು. ಮುಖದ ಮೇಲೆಲ್ಲ ಗಂಜಿ ಮೆತ್ತಿಕೊಂಡು ಅಳುತ್ತಿದ್ದ ನೇಮಕ್ಕನನ್ನು ನೋಡಿ, ಬಂದ ಕೆಲಸ ಬಿಟ್ಟು ಬಟ್ಟಲು ಕಿತ್ತುಕೊಂಡು ತಾನೇ ಕುಡಿಸಿದಳು. ಗೌಡರು ಒಂದು ತೊಟ್ಟೂ ಚೆಲ್ಲಲಿಲ್ಲ. ಹೊರಗಿನವರ ಮುಂದೆ ಉಗಿಯುವುದಕ್ಕೆ ಅವರಿಗೆ ನಾಚಿಕೆ.

ನೇಮಕ್ಕ ಅಲ್ಲೇ ಒಂದು ಪಾಠ ಕಲಿತರು, ಜೊತೆಗೇ ಒಂದು ತಪ್ಪನ್ನೂ ಮಾಡಿದರು. ಮರುದಿನ ಒಂದು ಮೊರ ಭತ್ತ ಕಳಿಸಿ, ದಿನಾ ಬಂದು ಗಂಜಿ ಕುಡಿಸು ಎಂದು ಹೇಳಿಕಳಿಸಿದರು. ಬೊಳ್ಳಿ ಭತ್ತವನ್ನು ಹಾಗೇ ಹೊತ್ತು ತಂದು ಜಗಲಿಯ ಮೇಲಿಟ್ಟಳು.

"ಕೂಲಿಗಾದ್ರೆ ನಾ ಬರಕ್ಕಿಲ್ಲ ನೇಮಕ್ಕ. ನಮ್ಮತ್ತೆಗೂ ಕೈಕಾಲು ಬಿದ್ದು ವರ್ಷಾಯ್ತು. ಮುಯ್ಯಾಳಾದ್ರೆ ಬತ್ತೀನಿ."

ಅದುವರೆಗೆ ಅವಳು 'ಅಮ್ಮ' ಎಂದು ಕರೆಯುತ್ತಿದ್ದವಳು. ಮುಯ್ಯಾಳು ಎಂದರೆ ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ; ಕೂಲಿ ಇಲ್ಲ. ಅದು ಸರೀಕರ ನಡುವೆ ನಡೆಯುವ ಪದ್ಧತಿ. ಗೌಡರ ಮನೆಗೂ ಆಳಿನ ಗುಡಿಸಲಿಗೂ ಮುಯ್ಯಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ನೇಮಕ್ಕ ಎರಡು ದಿನ ಯೋಚಿಸಿದರು. ಮೂರನೆಯ ದಿನ ಎಣ್ಣೆ ಬಟ್ಟಲು ಹಿಡಿದು ಬೊಳ್ಳಿಯ ಗುಡಿಸಲಿಗೆ ನಡೆದರು. ಮೈದುನ ದಾರಿಯಲ್ಲಿ ಅಡ್ಡ ನಿಂತು, ಆಳಿನ ಮನೆಗೆ ಹೋಗಿ ಕಾಲೊತ್ತುತ್ತೀರಾ ಎಂದು ಕೂಗಾಡಿದನಂತೆ.

"ಸರಿ ಕಣಪ್ಪ, ಹೋಗಕ್ಕಿಲ್ಲ. ನೀನೇ ದಿನಾ ಬಂದು ನಿಮ್ಮಣ್ಣನ ಕಾಲೊತ್ತು," ಎಂದರು ನೇಮಕ್ಕ. ಮೈದುನನಿಗೆ ಆ ಕ್ಷಣವೇ ಸುಲ್ತಾನ್ ಬತ್ತೇರಿಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು.

ಈ ಮುಯ್ಯಿಗೆ ನಾನು ಸೇರಿದ್ದು ಆ ಮಳೆಗಾಲ. ನನ್ನ ತಾಯಿಗೂ ಲಕ್ವ ಹೊಡೆದಿತ್ತು. ಮದುವೆಯಾಗದ ನಾನೊಬ್ಬನೇ ಮಗ. ಮಗನ ಕೈಲಿ ಮೈ ತೊಳೆಸಿಕೊಳ್ಳಲಾರೆ ಎಂದು ಅಮ್ಮ ಹಠ ಹಿಡಿದು ಎಂಟು ದಿನ ಸ್ನಾನವಿಲ್ಲದೆ ಮಲಗಿದ್ದಳು. ನನ್ನ ರಜೆಯೆಲ್ಲ ಮುಗಿದು, ತಿಂಗಳೊಳಗೆ ಶಾಲೆಗೆ ಹಾಜರಾಗದಿದ್ದರೆ ಕೆಲಸ ಹೋಗುತ್ತದೆ ಎಂಬ ಕಾಗದ ಬಂದಿತ್ತು. ಅಮ್ಮನನ್ನು ಬಿಟ್ಟು ಹೋಗುವಂತಿಲ್ಲ, ಕೆಲಸ ಬಿಟ್ಟರೆ ಇಬ್ಬರಿಗೂ ಅನ್ನವಿಲ್ಲ. ಆ ದಿನಗಳಲ್ಲಿ ನಾನು ಹಿತ್ತಲಲ್ಲಿ ನಿಂತು ಅತ್ತದ್ದುಂಟು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನೇಮಕ್ಕ ಕರೆಯದೆಯೇ ಬಂದರು. ಅಮ್ಮನಿಗೆ ಸ್ನಾನ ಮಾಡಿಸಿ, ಜಡೆ ಹೆಣೆದು ಹೊರಗೆ ಬಂದರು. "ನಾಳಿಂದ ನೀವು ಇಸ್ಕೂಲಿಗೆ ಹೋಗಿ. ನಿಮ್ಮಮ್ಮನ್ನ ನಾವು ಹೆಂಗಸ್ರು ಪಾಳಿ ಮೇಲೆ ನೋಡ್ಕೊತೀವಿ. ನೀವು ಭಾನುವಾರ ಬಂದು ನಮ್ಮನೇವ್ರ ಗಡ್ಡ ಹೆರೀರಿ." ನಾನು ಅದುವರೆಗೆ ಇನ್ನೊಬ್ಬರ ಗಡ್ಡ ಮುಟ್ಟಿದವನಲ್ಲ. ಊರೆಲ್ಲ ಹೆದರುತ್ತಿದ್ದ ಗೌಡರು ನಾನು ಕತ್ತಿ ಹಿಡಿದ ರೀತಿ ನೋಡಿ ಕಣ್ಣು ಮುಚ್ಚಿಕೊಂಡರು. ಮೀಸೆಯ ಒಂದು ತುದಿ ಹೋಯಿತು. ಸಮ ಮಾಡಲು ಹೋಗಿ ಇನ್ನೊಂದೂ ಹೋಯಿತು. ನೇಮಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಗೌಡರು ಬಿದ್ದ ಮೇಲೆ ಆಕೆ ನಕ್ಕದ್ದು ಅದೇ ಮೊದಲು ಎಂದು ಬೊಳ್ಳಿ ಆಮೇಲೆ ಹೇಳಿದಳು.

ಹೀಗೆ ಏಳು ಮನೆ ಸೇರಿದವು. ಮಂಗಳವಾರ ಸಂಜೆ ನಮ್ಮಲ್ಲಿಬ್ಬರು, ರೋಗಿಗಳಿದ್ದ ಮನೆಗಳನ್ನೆಲ್ಲ ಸುತ್ತುತ್ತಿದ್ದರು. ಉಳಿದವರು ನೇಮಕ್ಕನ ಕಣದ ಮನೆಯಲ್ಲಿ ಕೂಡಿ, ವಾರದ ಪಾಳಿ ಹಂಚಿಕೊಂಡು, ಗಂಜಿ ಕುಡಿದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಕ್ಕುತ್ತಿದ್ದರು. ರೋಗಿಗಳನ್ನು ಎಷ್ಟು ಬೇಕಾದರೂ ಬೈಯಬಹುದು, ಆದರೆ ಯಾರೂ ಯಾರನ್ನೂ ಅಯ್ಯೋ ಎನ್ನಬಾರದು. "ಅಯ್ಯೋ ಅಂದೋರು ಅಂದು ಹೊಂಟೋಗ್ತಾರೆ. ಸೊಂಟ ಎತ್ತೋಕೆ ಅಯ್ಯೋ ಬತ್ತದಾ?" ಎನ್ನುತ್ತಿದ್ದರು ನೇಮಕ್ಕ. ಅಮ್ಮ ಮಾತ್ರೆಯನ್ನು ದವಡೆಯಲ್ಲಿ ಅಡಗಿಸಿಟ್ಟು ನಾನು ತಿರುಗಿದ ಕೂಡಲೇ ದಿಂಬಿನಡಿ ಸೇರಿಸುತ್ತಾಳೆ ಎಂದು ನಾನು ದೂರಿದೆ. ಮೂವರು ಒಟ್ಟಿಗೇ "ನಮ್ಮಲ್ಲೂ" ಎಂದರು. ನನ್ನ ಎದೆಯ ಮೇಲಿನ ಕಲ್ಲು ಅಂದು ಇಳಿಯಿತು.

ಮದುವೆಯಿಲ್ಲ, ತಿಥಿಯಿಲ್ಲ, ಗೌಡರ ಹೆಂಡತಿ, ಆಳು ಹೆಂಗಸು, ಮೇಷ್ಟರು ಎಲ್ಲ ಒಂದೇ ಸೂರಿನಡಿ. ಅಂಥ ಕಾಲದಲ್ಲಿ ಇದು ಪೊಲೀಸರ ಕಿವಿಗೆ ಬೀಳದಿರುತ್ತದೆಯೇ? ಒಂದು ಮಂಗಳವಾರ ಜೀಪು ಬಂತು. ಇನ್ಸ್‌ಪೆಕ್ಟರು ಮಲಯಾಳದಲ್ಲಿ ಕೇಳಿದರು, ನೇಮಕ್ಕ ತಮ್ಮ ಬೆರಕೆ ಕನ್ನಡದಲ್ಲಿ ಉತ್ತರಿಸಿದರು.

"ನಿಮ್ಮ ಬೇಡಿಕೆ ಏನು?"

"ವಾರಕ್ಕೆ ಎರಡು ಗಂಟೆ ಪುರಸೊತ್ತು."

"ಹೋರಾಟ ಯಾರ ವಿರುದ್ಧ?"

"ನಮ್ಮನೇವ್ರ ವಿರುದ್ಧ. ಒಳಗೆ ಮಲಗವ್ರೆ, ಬೇಕಾರೆ ಕೇಳಿ."

"ಕತ್ತಲಾದ ಮೇಲೆ ಇಲ್ಲಿ ಏನು ನಡೆಯುತ್ತದೆ?"

"ನಾವು ಜೈನ್ರು ಸಾರೇ. ಹೊತ್ತು ಮುಳುಗಿದ ಮ್ಯಾಲೆ ಒಂದು ಅಗುಳೂ ತಿನ್ನಕ್ಕಿಲ್ಲ. ಹಸಕೊಂಡು ಯಾರು ಕ್ರಾಂತಿ ಮಾಡ್ತಾರೆ?"

ಇನ್ಸ್‌ಪೆಕ್ಟರಿಗೆ ನಗು ಬಂದಿರಬೇಕು, ಆದರೆ ಮೇಲಿನವರ ಭಯವೂ ಇತ್ತು. ಅನುಮತಿಯಿಲ್ಲದೆ ಐದು ಜನಕ್ಕಿಂತ ಹೆಚ್ಚು ಸೇರಕೂಡದು, ಗದ್ದೆ ಕೆಲಸಕ್ಕಾದರೆ ಅಡ್ಡಿಯಿಲ್ಲ ಎಂದರು. ಹೊರಡುವಾಗ ಒಳಗಿದ್ದ ಗೌಡರನ್ನು ಇಣುಕಿ ನೋಡಿ "ಪಾಪ" ಎಂದುಬಿಟ್ಟರು. ನಾವೆಲ್ಲ ತಪ್ಪಲೆಯ ಕಡೆ ನೋಡಿದೆವು. "ಹೊಸಬ್ರಿಗೆ ಒಂದು ಸಲ ಮಾಫಿ," ಎಂದರು ನೇಮಕ್ಕ.

ಜೀಪು ಹೋದ ಮೇಲೆ ಎಲ್ಲರೂ ಲೆಕ್ಕ ಹಾಕಿದೆವು. ಮಂಗಳವಾರ ನಿಂತರೆ ಪಾಳಿ ನಿಲ್ಲುತ್ತದೆ, ಪಾಳಿ ನಿಂತರೆ ನನ್ನ ಶಾಲೆ ನಿಲ್ಲುತ್ತದೆ. ನೇಮಕ್ಕ ಮಾತ್ರ ಹೊರಗೆ ನೋಡುತ್ತ, "ಗದ್ದೆ ಕೆಲಸಕ್ಕೆ ಅಡ್ಡಿ ಇಲ್ಲ ಅಂದ್ರಲ್ಲ?" ಎಂದರು.

ಮುಂದಿನ ಮಂಗಳವಾರದಿಂದ ನಮ್ಮ ಕೂಟ ಮೊಣಕಾಲುದ್ದ ಕೆಸರಿನಲ್ಲಿ ನಡೆಯಿತು. ಸಾಲಾಗಿ ಬಗ್ಗಿ ಸಸಿ ನೆಡುತ್ತಲೇ ಅತ್ತೆ, ಗಂಡ, ತಾಯಿಯರನ್ನು ಬೈದೆವು. ಗಂಜಿ ಬದುವಿನ ಮೇಲೆ ಕುದಿದು ಅಲ್ಲೂ ತಳ ಹಿಡಿಯಿತು. ಒಮ್ಮೆ ಜೀಪು ರಸ್ತೆಯಲ್ಲಿ ನಿಂತಿತು. ಇನ್ಸ್‌ಪೆಕ್ಟರು ಬಹಳ ಹೊತ್ತು ನಮ್ಮನ್ನು ನೋಡಿ, "ಆ ಮಾಷಿನ ಸಾಲು ಸೊಟ್ಟ," ಎಂದು ಕೂಗಿ ಹೊರಟುಹೋದರು. ನಾಟಿಯಾದ ಮೇಲೆ ಕಳೆ, ಕಳೆಯಾದ ಮೇಲೆ ಕೊಯ್ಲು. ಆ ವರ್ಷ ನೇಮಕ್ಕನ ಗದ್ದೆಯಷ್ಟು ಜನರ ಕೈ ಕಂಡ ಗದ್ದೆ ಚೇಕಾಡಿಯಲ್ಲಿ ಇನ್ನೊಂದಿರಲಿಲ್ಲ. ನನ್ನ ಕೆಲಸ ಉಳಿಯಿತು. ಅಮ್ಮ ಜಡೆ ಹೆಣೆಸಿಕೊಂಡು ಇನ್ನೂ ಆರು ವರ್ಷ ಬದುಕಿದಳು.

ಗೌಡರು ಹೋದ ಮೇಲೂ ನೇಮಕ್ಕ ಪಾಳಿ ಬಿಡಲಿಲ್ಲ. ನನಗೆ ಮಾನಂದವಾಡಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ನೇಮಕ್ಕನಿಗೇ ಲಕ್ವ ಹೊಡೆದಿದೆಯೆಂದು ಸುದ್ದಿ ಬಂತು. ಓಡಿ ಹೋದೆ. ಬೊಳ್ಳಿ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಅವಳಿಗೀಗ ಸ್ವಂತದ್ದೊಂದು ತುಂಡು ಗದ್ದೆಯಿತ್ತು. ಅದರ ನಾಟಿ ಬಿಟ್ಟು ಬಂದಿದ್ದಳು. ಎರಡು ಗದ್ದೆಯಾಚೆಗೆ ಕೇಳುತ್ತಿದ್ದ ಗಂಟಲಿನಿಂದ ಒಂದು ಸದ್ದೂ ಇಲ್ಲ. ನನಗೆ ತಡೆಯಲಾಗಲಿಲ್ಲ.

"ಅಯ್ಯೋ ನೇಮಕ್ಕ, ನಿಮಗೂ ಹೀಗಾಗಬೇಕಿತ್ತೇ?" ಎಂದುಬಿಟ್ಟೆ.

ಕಂಬಳಿಯೊಳಗೆ ಎಡಗೈ ಅಲುಗಾಡಿತು. ಮೆಲ್ಲಗೆ ಹೊರಗೆ ಬಂತು. ಒಲೆಯ ಪಕ್ಕದಲ್ಲಿದ್ದ ತಪ್ಪಲೆಯ ಕಡೆ ಬೆರಳು ನೆಟ್ಟಿತು. ಬೊಳ್ಳಿ ಬೂದಿ, ನಾರು ತಂದು ನನ್ನ ಕೈಗಿಟ್ಟಳು.

ಅದೇ ಕೊನೆಯ ಭೇಟಿ. ಬಾವಿಕಟ್ಟೆಯಲ್ಲಿ ಕೂತು, ಅಳುತ್ತಲೇ, ಮೊಣಕೈವರೆಗೆ ಕಪ್ಪಾಗಿ ತಪ್ಪಲೆ ಉಜ್ಜಿ ತಂದು ತೋರಿಸಿದೆ. ನೇಮಕ್ಕ ಒಳಗೆ ಬೆರಳಾಡಿಸಿ ನೋಡಿದರು. ಆಮೇಲೆ ಅದೇ ಬೆರಳಿನಿಂದ ಬಾವಿಯ ಕಡೆ ತೋರಿಸಿ, ಇನ್ನೊಂದು ಸಲ ತೊಳೆಯಲು ಕಳಿಸಿದರು.